ಅಕ್ಟೋಬರ್ ಬರುವ ಮೊದಲು ಮಾಡಿಡ್ಲಿಕ್ಕಿರುವ ಕೆಲಸ, ಬದಿಯಡ್ಕದ ತಂಗಿಗೆ

ನೀನು ಬರೆದದ್ದು ಓದಿದೆ ತಂಗಿ. ಆಗಸ್ಟಿನಲ್ಲಿ ಇಂಗ್ಲೆಂಡಿಗೆ ಬರ್ತಿದ್ದೇವೆ, ಗಂಡನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಮಗಳಿಗೆ 4 ವರ್ಷ, ನನಗೀಗ 3 ತಿಂಗಳು, ಚಳಿಗಾಲದಲ್ಲಿ ಅಲ್ಲಿ ಫ್ಲೂ ಜೋರಂತೆ, ಊರಿನಿಂದ ಎಂತೆಲ್ಲ ಮಾತ್ರೆ ತರ್ಬೇಕು ಅಂತ ಕೇಳಿದ್ದಿ. ನನ್ನ ಸಣ್ಣ ತಂಗಿಯ ಪ್ರಾಯ ನಿನಗೆ, ಹಾಗಾಗಿ ನೀನು ಅಂತಲೇ ಬರೀತೇನೆ, ಬೇಜಾರು ಮಾಡ್ಬೇಡ. ನಾನು ಪೆರ್ಲದವಳು, ಲೀಡ್ಸಿಗೆ ಬಂದು 11 ವರ್ಷ ಆಯ್ತು.

ಮಾತ್ರೆ ವಿಷಯ ಆಮೇಲೆ ಹೇಳ್ತೇನೆ. ಊರಲ್ಲಿ ನಮಗೆ ಜ್ವರ ಬಂದ್ರೂ ಮನೆ ನಡೀತದೆ ಅಲ್ವಾ, ಅತ್ತೆ ಗಂಜಿ ಬೇಯಿಸ್ತಾರೆ, ಆಚೆ ಮನೆಯವರು ಮಗುವನ್ನು ಕರ್ಕೊಂಡು ಹೋಗ್ತಾರೆ, ಬಿಡದಿದ್ರೆ ಪೇಟೆಯಲ್ಲಿ ಡಾಕ್ಟ್ರು, ಇನ್ನೂ ಜೋರಾದ್ರೆ ಕಾರು ಮಾಡಿ ಮಂಗ್ಳೂರಿಗೆ. ಇಲ್ಲಿ ಮನೆ ಅಂದ್ರೆ ನೀವು ಮೂರೇ ಜನ, ಒಬ್ಬರಿಗೆ ಬಂದದ್ದು ಒಂದೆರಡು ದಿನದಲ್ಲಿ ಇನ್ನೊಬ್ಬರಿಗೆ ಬರ್ತದೆ, ಎಲ್ರೂ ಒಟ್ಟಿಗೆ ಮಲಗಿದ್ರೆ ಒಂದು ಲೋಟ ಬಿಸಿನೀರು ಕೊಡ್ಲಿಕ್ಕೆ ಜನ ಇಲ್ಲ. ತಯಾರಿ ಬೇಕಾದ್ದು ಅದಕ್ಕೆ.

ನಮ್ಮ ಮೊದಲ ಡಿಸೆಂಬರಿನಲ್ಲಿ ಹಾಗೇ ಆಯ್ತು. ಮಗನಿಗೆ ಶಾಲೆಯಿಂದ ಬಂತು, ಮರುದಿನ ಇವರಿಗೆ, ಅದರ ಮರುದಿನ ನನಗೆ. ರಾತ್ರಿ 3 ಗಂಟೆಗೆ ಮಗನ ಮೈ ಕೆಂಡದ ಹಾಗೆ ಸುಡ್ತಾ ಉಂಟು, ನಾನು ಕಾಲ್‌ಪೋಲ್, ಅಂದ್ರೆ ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪಿನ ಬಾಟ್ಲಿ ಹಿಡ್ಕೊಂಡು ಅಡಿಗೆಮನೆಯಲ್ಲಿ ನಿಂತಿದ್ದೇನೆ, 1 ಗಂಟೆಗೆ ಕೊಟ್ಟದ್ದು ಇವರಾ ನಾನಾ, ಅಲ್ಲ ಕೊಡ್ಲೇ ಇಲ್ವಾ, ಇಬ್ಬರಿಗೂ ನೆನಪಿಲ್ಲ. ಒಂದು ಡೋಸಿಗೂ ಇನ್ನೊಂದಕ್ಕೂ ಮಧ್ಯೆ ಕಡಿಮೆ ಅಂದ್ರೂ 4 ಗಂಟೆ ಬೇಕು, 24 ಗಂಟೆಯಲ್ಲಿ 4 ಸಲಕ್ಕಿಂತ ಹೆಚ್ಚು ಕೊಡ್ಲಿಕ್ಕಿಲ್ಲ. ಧೈರ್ಯ ಬರ್ಲಿಲ್ಲ, ಗುಟುಕು ಗುಟುಕು ನೀರು ಕುಡಿಸ್ತಾ 5 ಗಂಟೆವರೆಗೆ ಮಡಿಲಲ್ಲಿ ಇಟ್ಕೊಂಡು ಕೂತೆ. ಬೆಳಿಗ್ಗೆ ಊರಿನ ಸೊಸೈಟಿ ಬ್ಯಾಂಕಿನ ಕ್ಯಾಲೆಂಡರಿನ ಹಳೆ ಹಾಳೆ ಹರಿದು ಹಿಂಬದಿಯಲ್ಲಿ ಗೆರೆ ಎಳೆದು ಫ್ರಿಜ್ಜಿಗೆ ಅಂಟಿಸಿದೆ, ಯಾರಿಗೆ, ಎಷ್ಟು ಗಂಟೆಗೆ, ಎಷ್ಟು ಎಂಎಲ್, ಕೊಟ್ಟದ್ದು ಯಾರು. ಈಗ ಪ್ರತಿ ಸೆಪ್ಟೆಂಬರಿನಲ್ಲಿ ಹಾಗೊಂದು ಹಾಳೆ ಅಂಟಿಸಿ ಪೆನ್ನನ್ನು ನೂಲಲ್ಲಿ ಕಟ್ಟಿ ಇಡ್ತೇನೆ. ನೀನೂ ಇಡು.

ಅದೇ ಸಲ ಮೂರನೇ ದಿನ ಬೆಲ್ ಆಯ್ತು, ಬಾಗಿಲು ತೆಗೆದ್ರೆ ಜನ ಇಲ್ಲ, ಮೆಟ್ಟಿಲ ಮೇಲೆ ಒಂದು ಸ್ಟೀಲಿನ ತೂಕುಪಾತ್ರೆ, ಮುಚ್ಚಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಒಳಗೆ ಹಬೆಯಾಡುವ ಒಳ್ಳೆಮೆಣಸಿನ ಸಾರು. ಎರಡು ಮನೆ ಆಚೆ ಇರುವ ಕಾಞಂಗಾಡಿನ ನರ್ಸಮ್ಮ ಇಟ್ಟು ಹೋದದ್ದು, ಅವರ ಹತ್ರ ನಾನು ಅಷ್ಟರವರೆಗೆ ಸರಿಯಾಗಿ ಮಾತಾಡಿದ್ದೇ ಇಲ್ಲ. ಆಮೇಲೆ ನಮ್ಮೊಳಗೆ ಒಂದು ಮಾತಾಗಿದೆ, ಯಾರ ಮನೆಯಲ್ಲಿ ಮಲಗಿದ್ರೂ ಇನ್ನೊಬ್ಬರು ಊಟ, ಹಾಲು ಬಾಗಿಲಲ್ಲಿ ಇಟ್ಟು ಫೋನು ಮಾಡೂದು, ಒಳಗೆ ಬರ್ಲಿಕ್ಕಿಲ್ಲ. ನೀನು ಬಂದ ಕೂಡ್ಲೇ ಅಂಥ ಒಂದು ಮನೆ ಹುಡುಕು, ಕನ್ನಡದವರೇ ಆಗ್ಬೇಕು ಅಂತಿಲ್ಲ.

ಇನ್ನು ಸೂಜಿ. ಬಸರಿಯಲ್ಲಿ ಇಂಜೆಕ್ಷನ್ ಬೇಡ ಅಂತ ಅಮ್ಮ ಹೇಳ್ತಿದ್ದಾರೆ ಅಂತ ಬರೆದಿದ್ದಿ. ಅವರ ಹೆದರಿಕೆ ನನಗೆ ಅರ್ಥ ಆಗ್ತದೆ, ಆದ್ರೆ ಇಲ್ಲಿ ಗರ್ಭಿಣಿಯರಿಗೆ ಫ್ಲೂ ಸೂಜಿ ಸೆಪ್ಟೆಂಬರಿನಿಂದಲೇ ಫ್ರೀ ಕೊಡೂದು ಸುಮ್ಮನೆ ಅಲ್ಲ. ಬಸರಿಯಲ್ಲಿ ಫ್ಲೂ ಬಂದ್ರೆ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಜಾಸ್ತಿ, ಮತ್ತೆ ಹುಟ್ಟಿದ ಮಗುವಿಗೆ 6 ತಿಂಗಳವರೆಗೆ ಈ ಸೂಜಿ ಕೊಡ್ಲಿಕ್ಕೆ ಆಗೂದಿಲ್ಲ, ಅಷ್ಟು ದಿನ ಅದಕ್ಕೆ ಇರೂದು ನಿನ್ನಿಂದ ಹೋದ ರಕ್ಷಣೆ ಮಾತ್ರ. ನಿನಗೆ ಡಿಸೆಂಬರಿನಲ್ಲಿ ಹೆರಿಗೆ ಅಂದ್ರೆ ಮಗು ಬರೂದೇ ಫ್ಲೂ ಜೋರಿರುವಾಗ. ಸೂಜಿ ತಗೊಂಡ ಮೇಲೆ ಶಕ್ತಿ ಬರ್ಲಿಕ್ಕೆ 2 ವಾರ ಬೇಕು, ಹಾಗಾಗಿ ಸೆಪ್ಟೆಂಬರಿನಲ್ಲೇ ತಗೊ. ನಾಯಿಕೆಮ್ಮಿನದ್ದು, 28 ವಾರ ಆದ ಮೇಲೆ ಆರ್‌ಎಸ್‌ವಿ ಅಂತ ಸಣ್ಣ ಮಕ್ಕಳ ಉಸಿರಿಗೆ ತೊಂದರೆ ಕೊಡುವ ವೈರಸ್ಸಿನದ್ದು, ಅದನ್ನೂ ಬಸರಿ, ಹೆರಿಗೆ ನೋಡುವ ಮಿಡ್‌ವೈಫ್ ಹತ್ರ ಕೇಳು.

ಮಗಳಿಗೆ ಸೂಜಿ ಅಲ್ಲ, ಮೂಗಿಗೆ ಸ್ಪ್ರೇ. ಶಾಲೆಯಲ್ಲೇ ಕೊಡ್ತಾರೆ, ಆದ್ರೆ ಮೊದಲು ಒಪ್ಪಿಗೆಯ ಫಾರ್ಮ್ ಈಮೇಲಲ್ಲಿ ಬರ್ತದೆ, ಶಾಲೆಯ ಹತ್ತು ಮೇಲುಗಳ ಮಧ್ಯೆ ಅದನ್ನು ಬಿಟ್ರೆ ಮಗುವಿಗೆ ಶಾಲೆಯಲ್ಲಿ ಸಿಗೂದಿಲ್ಲ. ಒಂದು ವಿಷಯ, ಸ್ಪ್ರೇಯಲ್ಲಿ ಹಂದಿಯ ಜೆಲಾಟಿನ್ ಉಂಟು. ನಿಮ್ಮ ಮನೆಯಲ್ಲಿ ಅದು ಆಗದಿದ್ರೆ ಜೆಲಾಟಿನ್ ಇಲ್ಲದ ಇಂಜೆಕ್ಷನ್ ಕೊಡಿ ಅಂತ ಕೇಳ್ಬಹುದು, ನಾವು ಹಾಗೆ ಕೇಳಿಯೇ ಕೊಡಿಸಿದ್ದು. ಎರಡೂ ಬೇಡ ಅಂತ ಮಾತ್ರ ಬಿಡ್ಬೇಡ. ಗಂಡನಿಗೆ ಆಸ್ಪತ್ರೆಯಲ್ಲೇ ಕೊಡ್ತಾರೆ.

ಬಂದ ವಾರದಲ್ಲೇ ಹತ್ರದ ಜಿಪಿಯಲ್ಲಿ, ಅಂದ್ರೆ ಇಲ್ಲಿನ ಫ್ಯಾಮಿಲಿ ಡಾಕ್ಟ್ರ ಕ್ಲಿನಿಕ್ಕಿನಲ್ಲಿ, ಮೂವರ ಹೆಸರೂ ಸೇರಿಸು, ಅದಕ್ಕೆ ಹಣ ಇಲ್ಲ. ಜ್ವರ ಬಂದ ಕೂಡ್ಲೇ ಡಾಕ್ಟ್ರನ್ನು ನೋಡೂದು ಇಲ್ಲಿ ಆಗೂದಿಲ್ಲ, ಮೊದಲ ವರ್ಷ ನನಗೆ ಇದೇ ದೊಡ್ಡ ಸಂಕಟ ಆದದ್ದು. ಸಣ್ಣಪುಟ್ಟದ್ದಕ್ಕೆ ಫಾರ್ಮಸಿಸ್ಟ್ ಹತ್ರ ಕೇಳೂದು, ಸಂಶಯ ಬಂದ್ರೆ 111ಕ್ಕೆ, ಅಂದ್ರೆ ಇಲ್ಲಿನ ಆರೋಗ್ಯ ಸಲಹೆಯ ನಂಬರಿಗೆ, ಫೋನು. ಆದ್ರೆ ನಿನಗೆ ಜ್ವರ ಬಂದ್ರೆ ನೋಡುವ ಅಂತ ಕೂರ್ಬೇಡ, ಅದೇ ದಿನ ಫೋನು ಮಾಡಿ ಬಸರಿ ಅಂತ ಮೊದಲು ಹೇಳು, ಫ್ಲೂವಿನ ಔಷಧ 2 ದಿನದ ಒಳಗೆ ಶುರು ಮಾಡಿದ್ರೆ ಹೆಚ್ಚು ಉಪಕಾರ. ಉಸಿರಾಡ್ಲಿಕ್ಕೆ ಕಷ್ಟ, ತುಟಿ ನೀಲಿ, ಮಗುವಿನ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದು ಉಸಿರು ಎಳೀತಾ ಉಂಟು, ಎಬ್ಬಿಸಿದ್ರೂ ಏಳೂದಿಲ್ಲ, ಹೀಗಿದ್ರೆ ಸೀದಾ ಆಂಬ್ಯುಲೆನ್ಸಿನ 999ಕ್ಕೆ ಫೋನು.

ಈಗ ಮಾತ್ರೆ. ಊರಿನಿಂದ ಚೀಲ ತುಂಬ ತರ್ಬೇಡ. ಪ್ಯಾರಾಸಿಟಮಾಲ್ ಇಲ್ಲಿ ತುಂಬ ಅಗ್ಗ, 500 ಎಂಜಿಯ 16 ಮಾತ್ರೆಯ ಪ್ಯಾಕೆಟ್, ಒಂದು ಸಲಕ್ಕೆ ಎರಡು ಪ್ಯಾಕೆಟಿಗಿಂತ ಹೆಚ್ಚು ಕೊಡೂದಿಲ್ಲ, ಹಾಗಾಗಿ ಸೆಪ್ಟೆಂಬರಿನಲ್ಲೇ ತಂದಿಡು. ದೊಡ್ಡವರಿಗೆ ದಿನಕ್ಕೆ 8 ಮಾತ್ರೆಯ ಮೇಲೆ ಹೋಗ್ಬಾರ್ದು. ಊರಿನ ಡೋಲೋ 650 ಅಂದ್ರೂ ಪ್ಯಾರಾಸಿಟಮಾಲೇ, ಅದನ್ನು ಜೊತೆಗೆ ಸೇರಿಸಿದ್ರೆ ಈ ಲೆಕ್ಕ ತಪ್ತದೆ, ಲೆಮ್‌ಸಿಪ್ ಅಂತ ಬಿಸಿನೀರಿಗೆ ಹಾಕುವ ಹುಡಿ ಸಿಗ್ತದಲ್ಲ, ಅದ್ರಲ್ಲೂ ಪ್ಯಾರಾಸಿಟಮಾಲ್ ಉಂಟು, ಎರಡನ್ನೂ ಒಟ್ಟಿಗೆ ತಗೊಳ್ಬಾರ್ದು. ನೀನು ಐಬುಪ್ರೊಫೆನ್ ಮುಟ್ಬೇಡ. ಮಗಳಿಗೆ ಆಸ್ಪಿರಿನ್ ಕೊಡ್ಲೇಬಾರ್ದು. ಮೆಡಿಕಲಿನವರು ಕೊಡುವ ಆಂಟಿಬಯೋಟಿಕ್ ಕಟ್ಟಿಸ್ಕೊಂಡು ಬರ್ಬೇಡ, ಫ್ಲೂ ವೈರಸ್, ಅದಕ್ಕೆ ಅದು ನಾಟೂದಿಲ್ಲ. ಒಂದು ಡಿಜಿಟಲ್ ಥರ್ಮಾಮೀಟರ್, ಅದರ ಬ್ಯಾಟರಿ, ಇಷ್ಟು ಸಾಕು.

ಊರಿನಿಂದ ತರೂದಾದ್ರೆ ಕಷಾಯದ ಹುಡಿ ತಾ, ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು ಹುರಿದು ಮಾಡಿದ್ದು, ಮತ್ತೆ ಮಿಡಿ ಉಪ್ಪಿನಕಾಯಿ. ಜ್ವರದ ಬಾಯಿಗೆ ಬ್ರೆಡ್ಡು ಇಳಿಯೂದಿಲ್ಲ. ಕುಚ್ಚಲಕ್ಕಿ ಮಲಯಾಳಿ ಅಂಗಡಿಯಲ್ಲಿ ಸಿಗ್ತದೆ, ಸಾರು ಮಾಡಿ ಸಣ್ಣ ಸಣ್ಣ ಡಬ್ಬಿಯಲ್ಲಿ ಫ್ರೀಜರಿನಲ್ಲಿಡು, ನಾನು 6 ಡಬ್ಬಿ ಇಡ್ತೇನೆ. ಬಟ್ಟೆ ಒಳಗೇ ಒಣಗಿಸಿ ಕಿಟಕಿ ಹಾಕಿಯೇ ಇಟ್ರೆ ಗೋಡೆಯೆಲ್ಲ ನಮ್ಮ ಆಟಿ ತಿಂಗಳಿನ ಮಳೆಯಲ್ಲಿ ಆದ ಹಾಗೆ ಬೂಸ್ಟು ಹಿಡೀತದೆ, ಚಳಿ ಆದ್ರೂ ದಿನಾ ಸ್ವಲ್ಪ ಹೊತ್ತು ಕಿಟಕಿ ತೆಗಿ.

ಬಾಣಂತನಕ್ಕೆ ಅಮ್ಮ ಬರೂದಾದ್ರೆ ಅವರೂ ಹೊರಡುವ 2 ವಾರ ಮೊದಲು ಡಾಕ್ಟ್ರ ಹತ್ರ ಕೇಳಿ ಫ್ಲೂ ಸೂಜಿ ಹಾಕಿಸ್ಕೊಂಡೇ ಬರ್ಲಿ. ಅವರಿಗೆ ಒಪ್ಪಿಗೆ ಆಗದಿದ್ರೆ ನನಗೆ ಫೋನು ಮಾಡಿಸು, ಶನಿವಾರ ನನಗೆ ರಜೆ, ನಾನೇ ಮಾತಾಡ್ತೇನೆ.