ಮುಚ್ಚಿದ ಬಾಗಿಲೂ ಸರಿ, ಹೊರಟ ಹುಡುಗರೂ ಸರಿ

ಮಾನ್ಯರೇ,

ಅಮೆರಿಕದ ಪಂಕ್ ರಾಕ್ ಬ್ಯಾಂಡ್ ಗ್ರೀನ್ ಡೇ ಕುರಿತು ಹಿಂದಿನ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನ ನಿಮ್ಮನ್ನು ಕೆರಳಿಸಿದೆ. ದುಡ್ಡಿನ ದರ್ಬಾರಿಗೆ ಎದುರಾಗಿ ಹುಟ್ಟಿದ ಪಂಕ್ ಸಂಗೀತವನ್ನು ದೊಡ್ಡ ರೆಕಾರ್ಡ್ ಕಂಪನಿಗೆ ಮಾರಿಕೊಂಡವರನ್ನು ಹೊಗಳಲು ನಿಮಗೆ ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದ್ದೀರಿ. ಅವರನ್ನು ಬೆಳೆಸಿದ ಗಿಲ್ಮನ್ ಕ್ಲಬ್ಬೇ ಅವರನ್ನು ಹೊರಗಿಟ್ಟಿತು, ಅದಕ್ಕಿಂತ ದೊಡ್ಡ ತೀರ್ಪು ಬೇಕೆ ಎಂದಿದ್ದೀರಿ. ದೊಡ್ಡ ಕಂಪನಿ ಸೇರಿದ ಮೇಲೆ ಅವರ ದನಿಯೇ ಬದಲಾಯಿತು ಎಂಬುದು ಕೊನೆಯ ಆಕ್ಷೇಪ. ನಿಮ್ಮ ಸಿಟ್ಟಿನ ಹಿಂದೆ ಈ ಸಂಗೀತದ ಮೇಲಿನ ಪ್ರೀತಿ ಕಾಣುತ್ತದೆ. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸದೆ ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಗಿಲ್ಮನ್‌ನಿಂದಲೇ ಆರಂಭಿಸೋಣ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, 924 ಗಿಲ್ಮನ್ ಸ್ಟ್ರೀಟ್ ಎಂಬ ವಿಳಾಸದಲ್ಲಿ, 1986ರ ಡಿಸೆಂಬರ್ 31ರಂದು ಆ ಕ್ಲಬ್ ತೆರೆಯಿತು. ನಡೆಸುತ್ತಿದ್ದವರು ಸ್ವಯಂಸೇವಕರು. ಮದ್ಯ ಇರಲಿಲ್ಲ, ವಯಸ್ಸಿನ ನಿರ್ಬಂಧವೂ ಇರಲಿಲ್ಲ. ಜನಾಂಗದ್ವೇಷ, ಹೆಣ್ಣನ್ನು ಹೀಗಳೆಯುವುದು, ಸಲಿಂಗಿಗಳನ್ನು ಹಂಗಿಸುವುದು, ಹೊಡೆದಾಟ ಯಾವುದನ್ನೂ ಅಲ್ಲಿ ಸಹಿಸುತ್ತಿರಲಿಲ್ಲ. ಬಾರುಗಳಿಗೆ ಕಾಲಿಡಲು ಇಪ್ಪತ್ತೊಂದು ತುಂಬುವವರೆಗೆ ಕಾಯಬೇಕಾದ ಹುಡುಗ ಹುಡುಗಿಯರಿಗೆ ಅದು ತಮ್ಮದೇ ಜಾಗವಾಗಿತ್ತು. ತೈಲ ಸಂಸ್ಕರಣಾಗಾರವಿರುವ ರೋಡಿಯೋ ಎಂಬ ಸಣ್ಣ ಊರಿನವನಾದ ಗ್ರೀನ್ ಡೇಯ ಹಾಡುಗಾರ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್‌ಗೆ ಹತ್ತು ವರ್ಷವಿದ್ದಾಗ ತಂದೆ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ತಾಯಿ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. ಅವನೂ ಶಾಲೆಯ ಗೆಳೆಯ ಮೈಕ್ ಡರ್ನ್ಟ್‌ನೂ ಸ್ವೀಟ್ ಚಿಲ್ಡ್ರನ್ ಎಂಬ ಹೆಸರಿನಲ್ಲಿ ನುಡಿಸಲು ತೊಡಗಿ, 1989ರ ಹೊತ್ತಿಗೆ ಗ್ರೀನ್ ಡೇ ಆದರು. ಗಿಲ್ಮನ್ ಅವರಿಗೆ ವೇದಿಕೆಯನ್ನೂ ಕೇಳುಗರನ್ನೂ ಕೊಟ್ಟಿತು. ಆ ಋಣವನ್ನು ನಾವು ಕಡಿಮೆ ಮಾಡಿ ಹೇಳಿಲ್ಲ.

ದೊಡ್ಡ ಕಂಪನಿಗಳೊಂದಿಗೆ ಒಪ್ಪಂದವಿರುವ ಬ್ಯಾಂಡಿಗೆ ಅಲ್ಲಿ ವೇದಿಕೆ ಇಲ್ಲ ಎಂಬುದು ಆ ಕ್ಲಬ್ಬಿನ ನಿಯಮವಾಗಿತ್ತು. 1993ರಲ್ಲಿ ಗ್ರೀನ್ ಡೇ ವಾರ್ನರ್ ಬಳಗದ ರಿಪ್ರೈಸ್ ಕಂಪನಿಗೆ ಸಹಿ ಹಾಕಿದಾಗ ಆ ನಿಯಮ ಅವರಿಗೂ ಅನ್ವಯಿಸಿತು. ನನ್ನ ಮಟ್ಟಿಗೆ ಆ ನಿಯಮ ಸರಿಯಾದದ್ದೇ. ಹೆಸರಾದವರು ತಿಂಗಳಿಗೊಮ್ಮೆ ಬಂದು ನುಡಿಸಿದರೆ ಗಿಟಾರಿನಲ್ಲಿ ಮೂರೇ ಸ್ವರಮೇಳ ಕಲಿತು ಬಂದ ಹೊಸ ಹುಡುಗಿಗೆ ಸರದಿ ಬರುವುದು ಯಾವಾಗ? ಆದರೆ ಒಂದು ಜಾಗವನ್ನು ಕಾಯುವ ನಿಯಮವನ್ನು ನೀವು ಮನುಷ್ಯರ ನಡತೆಯ ಮೇಲಿನ ತೀರ್ಪಾಗಿ ಓದುತ್ತಿದ್ದೀರಿ. ಬಿಲ್ಲಿ ಜೋ ಸಾಯಬೇಕು ಎಂದು ಆ ಕ್ಲಬ್ಬಿನ ಗೋಡೆಯ ಮೇಲೆ ಯಾರೋ ಬರೆದರು. ಅದನ್ನು ಯಾವ ತತ್ತ್ವದ ಹೆಸರಿನಲ್ಲೂ ನಾನು ಸಮರ್ಥಿಸಲಾರೆ. ಇಪ್ಪತ್ತೊಂದರ ಆಸುಪಾಸಿನ ಆ ಬ್ಯಾಂಡಿನ ಮೂವರು ತಮ್ಮ ಹಾಡು ಇನ್ನಷ್ಟು ಜನರಿಗೆ ಕೇಳಿಸಲಿ, ಬಾಡಿಗೆಗೂ ಆಗಲಿ ಎಂದು ಬಯಸಿದ್ದರು, ಅಷ್ಟೇ.

ಹಣದ ವಿಷಯದಲ್ಲಿ ನಿಮ್ಮ ಅನುಮಾನಕ್ಕೆ ಗಟ್ಟಿ ಆಧಾರವಿದೆ. ಅದೇ 1993ರಲ್ಲಿ ಧ್ವನಿಮುದ್ರಣ ತಜ್ಞ ಸ್ಟೀವ್ ಆಲ್ಬಿನಿ ದೊಡ್ಡ ಕಂಪನಿಯ ಒಪ್ಪಂದವೊಂದರ ಲೆಕ್ಕವನ್ನು ಸಾಲುಸಾಲಾಗಿ ಬರೆದು ತೋರಿಸಿದರು. 2,50,000 ಡಾಲರ್ ಮುಂಗಡ ಪಡೆದ ಬ್ಯಾಂಡಿನಲ್ಲಿ ಎಲ್ಲರ ಪಾಲೂ ಕಳೆದ ಮೇಲೆ ಸದಸ್ಯನೊಬ್ಬನ ಕೈಗೆ ಉಳಿಯುವುದು ಸುಮಾರು 4,000 ಡಾಲರ್. ಅದು ಕಲ್ಪಿತ ಉದಾಹರಣೆಯಾದರೂ ಗುರಿ ತಪ್ಪಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಜಾಬ್ರೇಕರ್ ಬ್ಯಾಂಡಿಗೆ ಆದದ್ದನ್ನು ನೋಡಿ. ದೊಡ್ಡ ಕಂಪನಿಗೆ ಹೋಗುವುದಿಲ್ಲ ಎಂದು ಹೇಳಿಕೊಂಡಿದ್ದವರು ಕೊನೆಗೆ ಗೆಫನ್ ಬಳಗಕ್ಕೆ ಸಹಿ ಹಾಕಿದರು. 1995ರಲ್ಲಿ ಬಂದ ಆಲ್ಬಮ್ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ, ಹಳೆಯ ಅಭಿಮಾನಿಗಳು ಮುನಿಸಿಕೊಂಡರು, 1996ರಲ್ಲಿ ಬ್ಯಾಂಡ್ ಒಡೆಯಿತು. ಗ್ರೀನ್ ಡೇಯ ಗೆಲುವನ್ನು ನೋಡಿ ಕಂಪನಿಗಳು ಇಂಥ ಎಷ್ಟೋ ತಂಡಗಳ ಹಿಂದೆ ಬಿದ್ದವು. ಈ ಕಥೆಗೆ ನಮ್ಮ ಲೇಖನದಲ್ಲಿ ಜಾಗ ಸಿಗಬೇಕಿತ್ತು ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ.

ಆದರೆ ದೊಡ್ಡದೆಲ್ಲ ಕೊಳಕು, ಚಿಕ್ಕದೆಲ್ಲ ಚೊಕ್ಕ ಎಂಬ ನಿಮ್ಮ ತರ್ಕ ಲುಕ್‌ಔಟ್ ಕಂಪನಿಯ ಮುಂದೆ ನಿಲ್ಲುವುದಿಲ್ಲ. ಗ್ರೀನ್ ಡೇಯ ಮೊದಲ ಎರಡು ಆಲ್ಬಮ್‌ಗಳನ್ನು ತಂದ ಸಣ್ಣ ಸ್ವತಂತ್ರ ಸಂಸ್ಥೆ ಅದು. 1994ರ ಫೆಬ್ರುವರಿ 1ರಂದು ರಿಪ್ರೈಸ್ ಬಿಡುಗಡೆ ಮಾಡಿದ ಅವರ ಡೂಕಿ ಆಲ್ಬಮ್ ಅಮೆರಿಕವೊಂದರಲ್ಲೇ 1999ರ ಹೊತ್ತಿಗೆ 1 ಕೋಟಿ ಪ್ರತಿಗಳ ಗಡಿ ಮುಟ್ಟಿತು. ಅದನ್ನು ಮೆಚ್ಚಿದವರು ಹಿಂದಿನ ಆಲ್ಬಮ್‌ಗಳನ್ನೂ ಹುಡುಕಿಕೊಂಡು ಬಂದರು. ಗ್ರೀನ್ ಡೇ ಆ ಹಳೆಯ ಆಲ್ಬಮ್‌ಗಳನ್ನು ರಿಪ್ರೈಸ್‌ಗೆ ಒಯ್ಯದೆ ಲುಕ್‌ಔಟ್‌ನಲ್ಲೇ ಬಿಟ್ಟಿತ್ತು. ಆ ಮಾರಾಟದ ಹಣ ವರ್ಷಗಟ್ಟಲೆ ಆ ಸಂಸ್ಥೆಯನ್ನೂ, ಅದರ ನೆರಳಿನಲ್ಲಿದ್ದ ಯಾರೂ ಕೇಳಿರದ ಬ್ಯಾಂಡುಗಳನ್ನೂ ಸಾಕಿತು. ಕೊನೆಗೆ ರಾಯಲ್ಟಿ ಬಾಕಿ ಉಳಿಸಿಕೊಂಡದ್ದು ಆ ಸಣ್ಣ ಸಂಸ್ಥೆಯೇ. ಬಾಕಿ ಬಾರದ ಕಾರಣ 2005ರಲ್ಲಿ ಗ್ರೀನ್ ಡೇ ತನ್ನ ಆಲ್ಬಮ್‌ಗಳನ್ನು ಹಿಂಪಡೆಯಿತು. 2012ರಲ್ಲಿ ಲುಕ್‌ಔಟ್ ಮುಚ್ಚಿತು. ಹತ್ತು ವರ್ಷಕ್ಕೂ ಮೇಲೆ ತಮ್ಮ ಆಲ್ಬಮ್‌ಗಳನ್ನು ಅಲ್ಲೇ ಬಿಟ್ಟವರನ್ನು ದುಡ್ಡಿಗಾಗಿ ನಂಟು ಕಡಿದುಕೊಂಡವರು ಎನ್ನುವುದು ನ್ಯಾಯವಲ್ಲ.

ಪ್ರಸಿದ್ಧಿ ಬಂದಾಗ ಒಬ್ಬರು ಯಾರನ್ನು ಜೊತೆಗೆ ಕರೆದೊಯ್ಯುತ್ತಾರೆ ಎಂಬುದನ್ನು ನಾನು ಒಪ್ಪಂದದ ಕಾಗದಕ್ಕಿಂತ ಹೆಚ್ಚು ಗಮನಿಸುತ್ತೇನೆ. ಡೂಕಿ ಮನೆಮನೆಯ ಮಾತಾಗಿದ್ದ 1994ರ ಪ್ರವಾಸದಲ್ಲಿ ತಮಗಿಂತ ಮೊದಲು ನುಡಿಸಲು ಅವರು ಆರಿಸಿಕೊಂಡದ್ದು ಪ್ಯಾನ್ಸಿ ಡಿವಿಷನ್ ಬ್ಯಾಂಡನ್ನು. ತಾವು ಸಲಿಂಗಿಗಳೆಂದು ವೇದಿಕೆಯ ಮೇಲೆಯೇ ಮುಕ್ತವಾಗಿ ಹಾಡುತ್ತಿದ್ದ ತಂಡ ಅದು. ಟಿವಿಯಲ್ಲಿ ನೋಡಿ ಬಂದ ಸಾವಿರಾರು ಹದಿಹರೆಯದವರ ಮುಂದೆ, ಅದೂ 1994ರ ಅಮೆರಿಕದಲ್ಲಿ, ಇದು ಸುಲಭದ ಆಯ್ಕೆಯಾಗಿರಲಿಲ್ಲ. ಗಿಲ್ಮನ್‌ನ ಗೋಡೆಯೊಳಗೆ ಸಲಿಂಗಿಗಳನ್ನು ಹಂಗಿಸಬಾರದು ಎಂದು ಕಲಿತವರು ಆ ಪಾಠವನ್ನು ಕ್ರೀಡಾಂಗಣಗಳಿಗೆ ಒಯ್ದರು. ಗಿಲ್ಮನ್ ಒಂದೇ ಆಗಿದ್ದರೆ ಅಷ್ಟು ದೂರಕ್ಕೆ ಅದನ್ನು ತಲುಪಿಸಲಾಗುತ್ತಿರಲಿಲ್ಲ. ಇರಾಕ್ ಯುದ್ಧದ ದಿನಗಳಲ್ಲಿ, 2004ರಲ್ಲಿ, ಆ ಕಾಲದ ಅಮೆರಿಕವನ್ನು ಟೀಕಿಸಿದ ಅವರ ಅಮೆರಿಕನ್ ಈಡಿಯಟ್ ಆಲ್ಬಮ್ ವಾರ್ನರ್ ಹಣದಲ್ಲೇ ಬಂದುದನ್ನೂ ಇಲ್ಲಿ ನೆನೆಯಬೇಕು.

ಗಿಲ್ಮನ್ ಬಾಗಿಲು ಅವರಿಗೆ ಮತ್ತೆಂದೂ ತೆರೆಯಲಿಲ್ಲ ಎಂದು ನೀವು ಬರೆದದ್ದು ನಿಜವಲ್ಲ. 2015ರ ಮೇ 17ರಂದು ಗ್ರೀನ್ ಡೇ ಅಲ್ಲಿ ನುಡಿಸಿತು. ಬೆಂಕಿ ಅನಾಹುತದಲ್ಲಿ ನಷ್ಟ ಅನುಭವಿಸಿದ್ದ ಎಕೆ ಪ್ರೆಸ್ ಪ್ರಕಾಶನ ಮತ್ತು ಅದರ ನೆರೆಯ ಮುದ್ರಣಾಲಯಕ್ಕೆ ನೆರವಾಗಲು ಆ ಕಾರ್ಯಕ್ರಮ ನಡೆದಿತ್ತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಅವರನ್ನು ರಾಕ್ ಸಂಗೀತದ ಸಾಧಕರನ್ನು ಗೌರವಿಸುವ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಳ್ಳಲಾಗಿತ್ತು.

ಇನ್ನು ದನಿ ಬದಲಾಯಿತೆಂಬ ಆಕ್ಷೇಪ. ಇದನ್ನು ನನ್ನ ಮಾತಿನಿಂದ ತೀರ್ಮಾನಿಸಬೇಡಿ. ಓಕ್‌ಲ್ಯಾಂಡಿನ ಹಾಳುಬಿದ್ದ ಕಟ್ಟಡದಲ್ಲಿ ಕಳೆದ ದಿನಗಳ ಕುರಿತು ಬಿಲ್ಲಿ ಜೋ ಬರೆದ ವೆಲ್‌ಕಮ್ ಟು ಪ್ಯಾರಡೈಸ್ ಹಾಡು ಲುಕ್‌ಔಟ್ ತಂದ ಕರ್ಪ್ಲಂಕ್ ಆಲ್ಬಮ್‌ನಲ್ಲೂ ಇದೆ, ರಿಪ್ರೈಸ್ ತಂದ ಡೂಕಿಯಲ್ಲೂ ಇದೆ. ಹಾಡುವವನು, ನುಡಿಸುವವರು ಅವರೇ. ಎರಡನೆಯದರಲ್ಲಿ ಗಿಟಾರ್ ದಟ್ಟವಾಗಿದೆ, ಡ್ರಮ್ಸ್ ಹೊಡೆತ ಸ್ಪಷ್ಟವಾಗಿದೆ. ಒಂದಾದ ಮೇಲೊಂದು ಕೇಳಿ ನಿಮಗೆ ಅನಿಸಿದ್ದನ್ನು ಬರೆಯಿರಿ. ಒಪ್ಪದಿದ್ದರೂ ಸರಿ, ಆ ಪತ್ರವನ್ನು ಒಂದಕ್ಷರ ಕತ್ತರಿಸದೆ ಪ್ರಕಟಿಸುತ್ತೇವೆ.

— ಸಂಪಾದಕ