ಬೇಟೆಗಾರ ಪ್ರಾಣಿಯನ್ನು ತೆಗೆದರೆ ಜೀವವೈವಿಧ್ಯ ಹೆಚ್ಚಬೇಕಲ್ಲವೇ? ಕಡಿಮೆಯಾಗುವುದೇಕೆ?

ತಿನ್ನುವವರಿಲ್ಲದಾಗ ಜೀವಿಗಳ ಸಂಖ್ಯೆ ಹೆಚ್ಚಬಹುದು, ಆದರೆ ಪ್ರಭೇದಗಳು ಕಡಿಮೆಯಾಗುತ್ತವೆ. ಬೇಟೆಯಾಗುತ್ತಿದ್ದವುಗಳಲ್ಲಿ ಬಲಿಷ್ಠವಾದದ್ದೊಂದು ಜಾಗವನ್ನೆಲ್ಲ ಆಕ್ರಮಿಸಿ ಉಳಿದವನ್ನು ಹೊರದಬ್ಬುವುದೇ ಇದಕ್ಕೆ ಕಾರಣ.

ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಪೇನ್ ಇದನ್ನು ಬಹಳ ಸರಳವಾಗಿ ತೋರಿಸಿದರು. 1963ರಲ್ಲಿ ವಾಷಿಂಗ್ಟನ್ ರಾಜ್ಯದ ಕಡಲತೀರದ ಬಂಡೆಗಳ ಒಂದು ಭಾಗದಿಂದ ನಕ್ಷತ್ರಮೀನುಗಳನ್ನು ಕಿತ್ತು ನೀರಿಗೆಸೆಯತೊಡಗಿದರು. ಪಕ್ಕದ ಭಾಗವನ್ನು ಮುಟ್ಟಲಿಲ್ಲ. ಅಲ್ಲಿನ ನಕ್ಷತ್ರಮೀನಿಗೆ ಮಸ್ಸೆಲ್ ಎಂಬ ಕಪ್ಪು ಚಿಪ್ಪಿನ ಜೀವಿ ಬಲು ಇಷ್ಟ. ತಿನ್ನುವವರು ಇಲ್ಲವಾದದ್ದೇ ತಡ, ಮಸ್ಸೆಲ್‌ಗಳು ಒಂದಕ್ಕೊಂದು ಅಂಟಿಕೊಂಡು ಬಂಡೆಯುದ್ದಕ್ಕೂ ಹಬ್ಬತೊಡಗಿದವು. ಕಡಲಪಾಚಿಗೆ ಬೇರೂರುವಂತೆ ಹಿಡಿದುಕೊಳ್ಳಲು ಅಂಗೈಯಗಲದ ಬರಿಗಲ್ಲು ಬೇಕು, ಅದೇ ಸಿಗಲಿಲ್ಲ. ಪಾಚಿ ಹೋದಾಗ ಅದನ್ನು ಮೇಯುತ್ತಿದ್ದ ಜೀವಿಗಳೂ ಹೋದವು. 1966ರಲ್ಲಿ ಪೇನ್ ಫಲಿತಾಂಶ ಪ್ರಕಟಿಸುವ ಹೊತ್ತಿಗೆ 15 ಪ್ರಭೇದಗಳಿದ್ದಲ್ಲಿ 8 ಉಳಿದಿದ್ದವು.

ಸಂಖ್ಯೆಯಲ್ಲಿ ಅಲ್ಪವಾದರೂ ಇಡೀ ಸಮುದಾಯವನ್ನು ಹಿಡಿದಿಡುವ ಇಂಥ ಜೀವಿಯನ್ನು ಅವರು 1969ರಲ್ಲಿ ಕೀಲಿಗಲ್ಲು ಪ್ರಭೇದ ಎಂದು ಕರೆದರು. ಕಮಾನಿನ ನೆತ್ತಿಯ ಕಲ್ಲಿನ ಹೋಲಿಕೆ ಅದು.

ಹಾಗೆಂದು ಎಲ್ಲ ಬೇಟೆಗಾರರೂ ಕೀಲಿಗಲ್ಲುಗಳಲ್ಲ. ಮೊದಲೇ ವಿರಳವಾದ ಜೀವಿಗಳನ್ನು ತಿನ್ನುವ ಪ್ರಾಣಿ ವೈವಿಧ್ಯವನ್ನು ಇನ್ನಷ್ಟು ತಗ್ಗಿಸಬಲ್ಲದು. ಹೊರಗಿನಿಂದ ಬಂದ ಬೆಕ್ಕು, ಇಲಿಗಳು ಎಷ್ಟೋ ದ್ವೀಪಗಳಲ್ಲಿ ಹಕ್ಕಿಗಳಿಗೆ ಮಾಡಿದ್ದು ಅದನ್ನೇ.