ಬಿರುಕಿಗೆ ಅಂಟು ತುಂಬಬೇಡಿ

ಮಳೆಗಾಲ ಮುಗಿದು ಬಿಸಿಲು ಬಿದ್ದದ್ದೇ ತಡ, ಮರದ ಮೂರ್ತಿ ಬಿರಿಯಿತು ಎಂಬ ಓದುಗರ ಪ್ರಶ್ನೆಗಳು ಸಾಲುಗಟ್ಟುತ್ತವೆ. ಈ ಸಲ ಅದಕ್ಕೇ ಜಾಸ್ತಿ ಜಾಗ. ಉಳಿ ಮಸೆಯುವುದು ಹೇಗೆ ಎಂದು ಕೇಳಿದವರು ಯಾರಾದರೂ ಆಚಾರಿಯ ಪಕ್ಕ ಹೋಗಿ ಕೂರಿ. ಅದು ಬರೆದು ಕಲಿಸುವ ವಿದ್ಯೆಯಲ್ಲ.

ಪ್ರಶ್ನೆ: ಉಡುಪಿಯಲ್ಲಿ ಹಲಸಿನ ಮರದ ಗಣಪತಿ ಕೆತ್ತಿಸಿ ಬೆಂಗಳೂರಿಗೆ ತಂದೆವು. ಎರಡೇ ತಿಂಗಳಲ್ಲಿ ಹಣೆಯಿಂದ ಹೊಟ್ಟೆಯವರೆಗೆ ಬಿರಿಯಿತು. ಮರವೇ ಕಳಪೆಯಾ? ಅಂಟು, ಮರದ ಪುಡಿ ಕಲಸಿ ತುಂಬಬಹುದಾ?

ಹಲಸನ್ನು ಬೈಯಬೇಡಿ. ನಮ್ಮ ಭೂತಸ್ಥಾನಗಳ ಆಳೆತ್ತರದ ಮೂರ್ತಿಗಳೂ ಹಲಸಿನವೇ. ನಿಮ್ಮ ಗಣಪತಿಯನ್ನು ಮಲಗಿಸಿ ಬುಡ ನೋಡಿ. ಉಂಗುರಗಳು ಪೂರ್ತಿ ಸುತ್ತು ಬಂದು ನಡುವೆ ತಿರುಳಿನ ಚುಕ್ಕೆ ಕಾಣುತ್ತದಾ? ಹಾಗಾದರೆ ಇಡೀ ದಿಮ್ಮಿಯಲ್ಲೇ ಕೆತ್ತಿದ್ದಾರೆ. ಬಿರಿಯದಿದ್ದರೇ ಆಶ್ಚರ್ಯ.

ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ. ಅಡ್ಡಕ್ಕೆ ಕುಗ್ಗುತ್ತದೆ. ಅದರಲ್ಲೂ ಉಂಗುರದ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡು ಪಟ್ಟು. ಹೊರಸುತ್ತು ಬಿಗಿಯುತ್ತದೆ, ಒಳಗಿನ ಮರ ಜಾಗ ಬಿಡುವುದಿಲ್ಲ. ಕಡೆಗೆ ಎಲ್ಲೋ ಒಂದು ಕಡೆ ತಿರುಳಿನವರೆಗೆ ಸೀಳುತ್ತದೆ. ಕರಾವಳಿಯ ತೇವದಲ್ಲಿ ಸುಮ್ಮನಿದ್ದ ಮರ ಬೆಂಗಳೂರಿನ ಒಣ ಗಾಳಿಗೆ ಹೋದಾಗ ಇದು ಇನ್ನೂ ಬೇಗ ಆಗುತ್ತದೆ.

ಅಂಟು, ಪುಡಿ ತುಂಬಲೇಬೇಡಿ. ಮುಂದಿನ ಮಳೆಗೆ ಮರ ಉಬ್ಬುತ್ತದೆ, ಗಟ್ಟಿಯಾದ ಅಂಟು ಕುಗ್ಗುವುದಿಲ್ಲ. ಆಗ ಪಕ್ಕದಲ್ಲೇ ಹೊಸ ಬಿರುಕು. ಒಂದು ಮಳೆಗಾಲ, ಒಂದು ಬೇಸಿಗೆ ಹಾಗೇ ಬಿಡಿ. ಬಿರುಕು ಒಂದು ಹದಕ್ಕೆ ಬಂದ ಮೇಲೆ ಅದೇ ಜಾತಿಯ ಮರದ ತೆಳು ಚಕ್ಕೆಯನ್ನು, ಎಳೆ ಅದೇ ದಿಕ್ಕಿಗೆ ಬರುವಂತೆ, ಒಂದು ಬದಿಗೆ ಮಾತ್ರ ಅಂಟಿಸಿ ಕೂರಿಸಬೇಕು. ಇನ್ನೊಂದು ಬದಿ ಆಡಲಿ.

ಹೊಸದಾಗಿ ಕೆತ್ತಿಸುವವರು ತಿರುಳು ಬಿಟ್ಟು ಸೀಳಿದ ಮರವನ್ನೇ ಕೇಳಿ. ಅದರ ಬುಡದಲ್ಲಿ ಉಂಗುರ ಬಿಲ್ಲಿನ ಹಾಗೆ ಬಾಗಿರುತ್ತದೆ, ಸುತ್ತಿರುವುದಿಲ್ಲ. ಇಡೀ ದಿಮ್ಮಿಯೇ ಬೇಕೆಂದರೆ ಬೆನ್ನಿನ ಕಡೆಯಿಂದ ತಿರುಳನ್ನು ಟೊಳ್ಳು ತೆಗೆಸಿ. ಅದೂ ಬೇಡವೆಂದರೆ ಬೆನ್ನಿಗೆ ತಿರುಳಿನವರೆಗೆ ಒಂದು ಗರಗಸದ ಗೆರೆ ಹಾಕಿಸಿ. ಮರ ಅಲ್ಲೇ ಬಾಯಿ ಬಿಡುತ್ತದೆ, ಮುಖ ಉಳಿಯುತ್ತದೆ. ಮರ ಕಡಿದ ದಿನವೇ ಎರಡೂ ತುದಿಗೆ ಮೇಣ ಬಳಿಯಬೇಕು, ನೀರು ಎಲ್ಲಕ್ಕಿಂತ ಬೇಗ ಹೋಗುವುದು ಅಲ್ಲಿಂದ. ಒಣಗಲು ದಪ್ಪದ ಇಂಚಿಗೆ ಒಂದು ವರ್ಷ ಅನ್ನುವುದು ಹಳೆಯ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ನೀರು ಕುಡಿಯುವ ನಮ್ಮೂರಲ್ಲಿ ನಾನು ಅದಕ್ಕೂ ಜಾಸ್ತಿ ಕಾಯುತ್ತೇನೆ. ಹಬ್ಬಕ್ಕೆ ಮೂರು ತಿಂಗಳಿರುವಾಗ ಬಂದು "ಹಸಿ ಮರವಾದರೂ ಆದೀತು" ಅನ್ನುವವರಿಗೆ ನನ್ನಲ್ಲಿ ಕೆಲಸವಿಲ್ಲ.

ಬಿಸಿಲಿಗಿಟ್ಟು ಒಣಗಿಸಿ ಅನ್ನುವವರ ಮಾತು ಕೇಳಬೇಡಿ. ಹೊರಗೆ ಒಣಗುತ್ತದೆ, ಒಳಗೆ ಹಸಿ ಉಳಿಯುತ್ತದೆ, ಇನ್ನೂ ಬೇಗ ಸೀಳುತ್ತದೆ. ಅಮಾವಾಸ್ಯೆಗೆ ಕಡಿದ ಮರ ಬಿರಿಯುವುದಿಲ್ಲ ಎಂದು ದುಪ್ಪಟ್ಟು ಹಣಕ್ಕೆ ಮಾರುವವರೂ ಇದ್ದಾರೆ. ದುಡ್ಡು ಜೇಬಲ್ಲೇ ಇರಲಿ. ದಿಮ್ಮಿಯನ್ನು ಕೆರೆಯಲ್ಲಿ ಮುಳುಗಿಸಿಡುವುದು ಮಾತ್ರ ಸುಳ್ಳಲ್ಲ. ಮರದೊಳಗಿನ ಹಿಟ್ಟಿನಂಶ ನೀರಿಗೆ ಹೋಗಿ ಕೊರೆಯುವ ಹುಳದ ಕಾಟ ಕಡಿಮೆಯಾಗುತ್ತದೆ. ಬಿರುಕಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಮನೆ ಕಟ್ಟಿ ಉಳಿದ ಮುರಕಲ್ಲಿನಲ್ಲಿ ವಿಗ್ರಹ ಕೆತ್ತಬಹುದಾ?

ಮುರಕಲ್ಲಿನ ಮೈಯೆಲ್ಲ ತೂತು, ಮೂಗು ನಿಲ್ಲುವುದಿಲ್ಲ. ವಿಗ್ರಹಕ್ಕೆ ಒಗ್ಗುವ ನೆಲ್ಲಿಕಾರು ಊರಿನ ಕಲ್ಲು ತನ್ನಿ.

ಪ್ರಶ್ನೆ: ಮಣ್ಣಿನ ತಲೆ ಭಟ್ಟಿಯಲ್ಲಿ ಸಿಡಿಯಿತು. ಒಳಗೆ ಗಾಳಿಗುಳ್ಳೆ ಇತ್ತಂತೆ?

ಗಾಳಿಗಿಂತ ನೀರು ಕೆಟ್ಟದ್ದು. ಒಳಗೆ ತೇವ ಉಳಿದರೆ ಆವಿಯಾಗಿ ಒಡೆಯುತ್ತದೆ. ಒಳಗಿಂದ ತೋಡಿ ಬೆರಳಿನಷ್ಟೇ ದಪ್ಪ ಉಳಿಸಿ. ಒಣಗಿದ ಮೇಲೆ ನಿಮ್ಮ ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಹಸಿ.

ಪ್ರಶ್ನೆ: ಕಲ್ಲಿನ ದೂಳಿಗೆ ಬೆಲ್ಲ ತಿಂದರೆ ಸಾಕಲ್ವಾ?

ಬೆಲ್ಲ ಹೊಟ್ಟೆಗೆ ಹೋಗುತ್ತದೆ, ದೂಳು ಶ್ವಾಸಕೋಶಕ್ಕೆ. ಕಾರ್ಕಳದಲ್ಲಿ 1432ರಲ್ಲಿ ನಿಂತ 42 ಅಡಿಯ ಗೊಮ್ಮಟನನ್ನು ಕಡೆದವರು ಮಾಸ್ಕ್ ಹಾಕಿದ್ದರಾ ಎಂದೂ ಇವರೇ ಕೇಳಿದ್ದಾರೆ. ಅವರ ಬಳಿ ದೂಳೆಬ್ಬಿಸುವ ಕಲ್ಲು ಕತ್ತರಿಸುವ ಗ್ರೈಂಡರ್ ಇರಲಿಲ್ಲ ಸ್ವಾಮಿ. ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗ ಸಿಲಿಕೋಸಿಸ್, ಬಂದರೆ ವಾಸಿಯಾಗುವುದಿಲ್ಲ. ನೀರು ಬಿಟ್ಟುಕೊಂಡೇ ಕತ್ತರಿಸಿ. ಕರವಸ್ತ್ರ ಸಾಲದು, ಎನ್-95 ಮಾಸ್ಕ್ ಆದರೂ ಹಾಕಿ. ಒಣಕೆಮ್ಮು, ಏದುಸಿರು ಶುರುವಾಗಿದ್ದರೆ ಎಕ್ಸ್‌ರೇ ತೆಗೆಸಿ, ನೀವು ಮಾಡುವ ಕೆಲಸ ಏನೆಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ.